ಬ್ಲೇಡ್ ರನ್ನರ್: ಲೆಕ್ಕಕ್ಕೆ ಸಿಗದ ಒಬ್ಬಳು

ರೆಪ್ಲಿಕಂಟ್ ಎಂಬ ಕೃತಕ ಮನುಷ್ಯರನ್ನು ಬೇಟೆಯಾಡುವ ಡೆಕರ್ಡ್‌ನ ಕಥೆಯಾದ, ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ 1982ರಲ್ಲಿ ಬಿಡುಗಡೆಯಾಯಿತು. ಇಪ್ಪತ್ತೈದು ವರ್ಷಗಳ ಬಳಿಕ, 2007ರಲ್ಲಿ, ಅವರು ಅದನ್ನು ಮತ್ತೆ ಕೈಗೆತ್ತಿಕೊಂಡು, ಇಷ್ಟು ಕಾಲ ಪ್ರೇಕ್ಷಕರು ಬೆರಳು ತೋರಿಸುತ್ತಿದ್ದ ತಪ್ಪುಗಳನ್ನು ಸರಿಪಡಿಸಿ ‘ಫೈನಲ್ ಕಟ್’ ಎಂಬ ಹೆಸರಿನಲ್ಲಿ ಹೊರತಂದರು. ಆ ತಿದ್ದುಪಡಿಗಳಲ್ಲಿ ಹೆಚ್ಚಿನವು ಅಗತ್ಯವಾಗಿದ್ದವು. ಒಂದು ಮಾತ್ರ ಬೇಡವಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ, ಆಟಿ ತಿಂಗಳ ಜಡಿಮಳೆಯ ರಾತ್ರಿಗಳಲ್ಲಿ, ನಾವು ಕೆಲವರು ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಒಂದರ ನಂತರ ಒಂದರಂತೆ ಹಾಕಿ, ಅಲ್ಲಲ್ಲಿ ನಿಲ್ಲಿಸಿ ನೋಡಿದೆವು. ಹಾವಿನೊಂದಿಗೆ ನರ್ತಿಸುವ ಝೋರಾ ಗುಂಡೇಟು ತಿಂದು ಅಂಗಡಿಯ ಗಾಜುಗಳನ್ನು ಒಡೆದುಕೊಂಡು ಓಡುವ ದೃಶ್ಯವನ್ನು ಹಳೆಯ ಆವೃತ್ತಿಯಲ್ಲಿ ನಿಲ್ಲಿಸಿದರೆ, ಪಾರದರ್ಶಕ ಮಳೆಯಂಗಿಯೊಳಗೆ ಇರುವವರು ನಟಿ ಜೊವಾನಾ ಕ್ಯಾಸಿಡಿ ಅಲ್ಲ, ವಿಗ್ ತೊಟ್ಟ ಬೇರೊಬ್ಬ ಸಾಹಸ ಕಲಾವಿದೆ ಎಂಬುದು ಕಣ್ಣಿಗೆ ರಾಚುತ್ತದೆ. 2007ರಲ್ಲಿ ಕ್ಯಾಸಿಡಿಯವರ ಮುಖವನ್ನು ಹೊಸದಾಗಿ ಚಿತ್ರೀಕರಿಸಿ ಅಲ್ಲಿ ಕೂಡಿಸಲಾಯಿತು. ಕೃತಕ ಹಾವು ಮಾರುವ ಅಬ್ದುಲ್‌ನೊಂದಿಗೆ ಡೆಕರ್ಡ್ ಮಾತನಾಡುವಾಗ ಕೇಳಿಸುವ ಮಾತಿಗೂ ಹ್ಯಾರಿಸನ್ ಫೋರ್ಡ್ ಅವರ ತುಟಿಗಳ ಚಲನೆಗೂ ಸಂಬಂಧವೇ ಇರಲಿಲ್ಲ. ಅದಕ್ಕೆ ಅವರ ಮಗ ಬೆನ್ ಫೋರ್ಡ್ ಅವರ ಬಾಯಿಯನ್ನು ಚಿತ್ರೀಕರಿಸಿ ಹೊಂದಿಸಿದರು. ಪೊಲೀಸರ ಹಾರುವ ಕಾರನ್ನು ಮೇಲೆತ್ತುವ ಕೇಬಲ್‌ಗಳು ಮಾಯವಾದವು. ರೆಪ್ಲಿಕಂಟ್‌ಗಳ ನಾಯಕ ರಾಯ್ ಬ್ಯಾಟಿ ಮೊದಲ ಬಾರಿ ಕಾಣಿಸಿಕೊಳ್ಳುವಾಗ ಅವನ ಭುಜದ ಮೇಲೆ ಯಾರದೋ ಹೆಬ್ಬೆರಳು ಇತ್ತು. ಆ ತುಣುಕನ್ನು ಮುಂದೆ ಅವನು ತನ್ನನ್ನು ಸೃಷ್ಟಿಸಿದ ಟೈರೆಲ್‌ನನ್ನು ಭೇಟಿಯಾಗುವ ದೃಶ್ಯದಿಂದ ಎತ್ತಿ ತಂದಿದ್ದರು. ಆ ಹೆಬ್ಬೆರಳೂ ಹೋಯಿತು. ಇನ್ನು ಕೊನೆಯ ಪಾರಿವಾಳ. ರಾತ್ರಿ, ಧಾರಾಕಾರ ಮಳೆ, ರಾಯ್ ತಲೆ ತಗ್ಗಿಸಿ ಪ್ರಾಣ ಬಿಡುತ್ತಾನೆ, ಅವನ ಕೈಯಿಂದ ಬಿಡುಗಡೆಯಾದ ಹಕ್ಕಿ ಹಾರುವುದು ಮೋಡವಿಲ್ಲದ ನೀಲಿ ಆಕಾಶಕ್ಕೆ! “ಇದು ಯಾವ ಊರಿನ ಆಕಾಶ ಮಾರಾಯ?” ಎಂದು ಗೆಳೆಯರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬೇರೆಯಾಗಿ ತೆಗೆದು ಸೇರಿಸಿದ್ದ ಆ ಚಿತ್ರಿಕೆಯ ಜಾಗದಲ್ಲಿ ಈಗ ಕತ್ತಲೆಯ ನಗರವೇ ಇದೆ, ಸಾವಿನ ಭಾರವೂ ಕದಡದೆ ಉಳಿದಿದೆ.

ತಾಳಮದ್ದಲೆ ಕೇಳಿಕೊಂಡು ಬೆಳೆದ ಈ ಊರುಗಳವರಿಗೆ ತಪ್ಪು ಯಾವುದು, ಪ್ರಶ್ನೆ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ಪದ್ಯ ತಾಳ ತಪ್ಪಿದರೆ ಅದು ತಪ್ಪೇ, ಅದಕ್ಕೆ ಯಾರೂ ಅರ್ಥ ಕಟ್ಟುವುದಿಲ್ಲ. ಆದರೆ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದೇಕೆಂದು ರಾಮನನ್ನು ಕೇಳುವಲ್ಲಿ, ಅರ್ಥಧಾರಿಗಳು ಬದಲಾದ ಹಾಗೆ ರಾಮನ ಸಮರ್ಥನೆ ಬದಲಾಗುತ್ತ ಹೋಗುತ್ತದೆ, ಕೇಳುಗರು ಮನೆಗೆ ಹೋಗುವ ದಾರಿಯಲ್ಲಿಯೂ ಚರ್ಚೆ ಮುಂದುವರಿಯುತ್ತದೆ; ಉತ್ತರ ಪೂರ್ತಿಯಾಗಲಿಲ್ಲವೆಂದು ಆ ಪ್ರಶ್ನೆಯನ್ನೇ ಪ್ರಸಂಗದಿಂದ ಕಿತ್ತು ಹಾಕುವವರು ಯಾರೂ ಇಲ್ಲ. ತುಟಿ, ಕೇಬಲ್, ಆಕಾಶ, ಇವೆಲ್ಲ ತಾಳ ತಪ್ಪಿದ ಜಾಗಗಳು. ರೆಪ್ಲಿಕಂಟ್‌ಗಳ ಎಣಿಕೆ ಹಾಗಲ್ಲ.

ನೋಡಲು ಮನುಷ್ಯರಂತೆಯೇ ಇರುವ, ನಾಲ್ಕೇ ವರ್ಷದ ಆಯುಷ್ಯ ಕೊಟ್ಟು ಭೂಮಿಯಾಚೆಯ ವಸಾಹತುಗಳಲ್ಲಿ ದುಡಿಸಲೆಂದೇ ತಯಾರಿಸಿದ ರೆಪ್ಲಿಕಂಟ್‌ಗಳಲ್ಲಿ ಆರು ಮಂದಿ, ಮೂವರು ಗಂಡಸರು, ಮೂವರು ಹೆಂಗಸರು, ತಪ್ಪಿಸಿಕೊಂಡು ಬಂದಿದ್ದಾರೆ ಎಂದು ಪೊಲೀಸ್ ಅಧಿಕಾರಿ ಬ್ರಯಂಟ್ ಹೇಳುತ್ತಾನೆ. ಟೈರೆಲ್ ಕಂಪನಿಯೊಳಗೆ ನುಗ್ಗಲು ಹೋಗಿ ಒಬ್ಬರು ವಿದ್ಯುತ್ತಿಗೆ ಸಿಕ್ಕಿ ಸತ್ತರು ಎನ್ನುತ್ತಾನೆ. ಅಲ್ಲಿಗೆ ಉಳಿದವರು ಐವರು. ಆದರೆ ಅವನು ಡೆಕರ್ಡ್‌ಗೆ ತೋರಿಸುವುದು ರಾಯ್, ಲಿಯಾನ್, ಝೋರಾ, ಪ್ರಿಸ್ ಈ ನಾಲ್ವರನ್ನು ಮಾತ್ರ. ಝೋರಾ ಸತ್ತ ಬಳಿಕ ಇನ್ನು ನಾಲ್ವರು ಬಾಕಿ ಎಂದು ಬ್ರಯಂಟ್ ಹೇಳಿದಾಗ, ಮೂವರು ಎಂದು ಡೆಕರ್ಡ್ ತಿದ್ದುತ್ತಾನೆ. ಟೈರೆಲ್‌ನ ಬಳಿಯಿಂದ ಕಾಣೆಯಾದ ಇನ್ನೊಬ್ಬ ರೆಪ್ಲಿಕಂಟ್ ರೇಚಲ್‌ಳನ್ನು ಸೇರಿಸಿ ನಾಲ್ವರಾಗುತ್ತಾರೆ. ಅಂದರೆ ಐದನೆಯ ವ್ಯಕ್ತಿಯನ್ನು ಚಿತ್ರವೇ ಸದ್ದಿಲ್ಲದೆ ಕೈಬಿಟ್ಟಿದೆ. ಇದರ ಕಾರಣ ಗುಟ್ಟೇನಲ್ಲ: ಚಿತ್ರಕಥೆಯಲ್ಲಿ ಮೇರಿ ಎಂಬ ಇನ್ನೊಬ್ಬ ರೆಪ್ಲಿಕಂಟ್ ಇದ್ದಳು, ಪಾತ್ರಕ್ಕೆ ನಟಿಯ ಆಯ್ಕೆಯೂ ಆಗಿತ್ತು, ಆದರೆ ಆ ಪಾತ್ರದ ಚಿತ್ರೀಕರಣ ನಡೆಯಲಿಲ್ಲ. ಮೇರಿ ಹೋದಳು, ಸಂಭಾಷಣೆಯಲ್ಲಿ ಅವಳ ಲೆಕ್ಕ ಉಳಿಯಿತು.

ಹೀಗೆ ಹುಟ್ಟಿದ್ದು ಅಜಾಗರೂಕತೆಯಿಂದಲೇ, ಒಪ್ಪುತ್ತೇನೆ. ಆದರೂ ಹಲವು ವರ್ಷಗಳ ಕಾಲ ಪ್ರೇಕ್ಷಕರು ಆ ಖಾಲಿ ಜಾಗದಲ್ಲಿ ಡೆಕರ್ಡ್‌ನನ್ನೇ ತಂದು ನಿಲ್ಲಿಸಿದರು: ನೆನಪು ಅಳಿಸಿ, ಬೇರೆ ನೆನಪು ತುಂಬಿಸಿ, ತನ್ನವರನ್ನೇ ಬೇಟೆಯಾಡಲು ಕಳುಹಿಸಿದ ಐದನೆಯ ರೆಪ್ಲಿಕಂಟ್ ಅವನೇ ಏಕಾಗಿರಬಾರದು? ನಡುವೆ 1992ರಲ್ಲಿ ಬಂದ ಇನ್ನೊಂದು ಆವೃತ್ತಿಯಲ್ಲಿ ಸೇರಿದ, ಡೆಕರ್ಡ್ ಕಾಣುವ ಒಂಟಿಕೊಂಬಿನ ಕುದುರೆಯ ಕನಸು, ಪೊಲೀಸ್ ಗ್ಯಾಫ್ ಬಾಗಿಲ ಬಳಿ ಬಿಟ್ಟುಹೋದ ಅದೇ ಪ್ರಾಣಿಯ ಕಾಗದದ ಗೊಂಬೆ, ಇವೆರಡೂ ಅವನ ಕನಸು ಗ್ಯಾಫ್‌ಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಹುಟ್ಟಿಸಿ ಆ ಸಂಶಯಕ್ಕೆ ಬಲ ಕೊಟ್ಟವು. 2007ರಲ್ಲಿ ಬ್ರಯಂಟ್‌ನ ಮಾತನ್ನು ಬದಲಿಸಿ, ಸತ್ತವರು ಇಬ್ಬರು ಎಂದು ಹೇಳಿಸಲಾಯಿತು. ಆರರಲ್ಲಿ ಎರಡು ಕಳೆದು ನಾಲ್ಕು. ಲೆಕ್ಕ ಸರಿಹೋಯಿತು, ಒಂದು ಬಾಗಿಲು ಮುಚ್ಚಿಹೋಯಿತು. ಡೆಕರ್ಡ್ ರೆಪ್ಲಿಕಂಟ್ ಎಂದು ಬಹಿರಂಗವಾಗಿ ಹೇಳಿರುವ ಸ್ಕಾಟ್ ಅವರೇ ಈ ಬಾಗಿಲನ್ನು ಮುಚ್ಚಿದ್ದು ನನಗೆ ಇಂದಿಗೂ ಸೋಜಿಗದ ಸಂಗತಿ.

ನನ್ನ ಮಟ್ಟಿಗೆ ಡೆಕರ್ಡ್ ಮನುಷ್ಯನೇ, ಹ್ಯಾರಿಸನ್ ಫೋರ್ಡ್ ಅವರು ವಾದಿಸಿದ ಹಾಗೆ. ಲಿಯಾನ್ ಅವನನ್ನು ಎತ್ತಿ ಎಸೆಯುತ್ತಾನೆ, ಪ್ರಿಸ್ ಅವನ ಕತ್ತನ್ನು ತನ್ನ ತೊಡೆಗಳ ನಡುವೆ ಹಿಸುಕುತ್ತಾಳೆ, ರಾಯ್ ಅವನ ಬೆರಳುಗಳನ್ನು ಕಡ್ಡಿ ಮುರಿದಂತೆ ಮುರಿಯುತ್ತಾನೆ. ಇವರನ್ನು ಹಿಡಿಯಲೆಂದೇ ಮಾಡಿದ ರೆಪ್ಲಿಕಂಟ್ ಇಷ್ಟು ದುರ್ಬಲನಾಗಿರಲು ಕಾರಣವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೊನೆಯಲ್ಲಿ ಕಟ್ಟಡದ ಅಂಚಿನಿಂದ ಬೀಳುತ್ತಿರುವವನ ಮುಂಗೈ ಹಿಡಿದು ರಾಯ್ ಮೇಲೆತ್ತುವಾಗ, ಕೊಲ್ಲಲು ಬಂದ ಮನುಷ್ಯನ ಮೇಲೆ ಮನುಷ್ಯನಲ್ಲದವನು ತೋರಿದ ದಯೆಯಾಗಿ ಅದನ್ನು ನೋಡಿದಾಗಲೇ ನನಗೆ ಗಂಟಲು ಕಟ್ಟುತ್ತದೆ. ಆದರೂ ಇದು ನನ್ನ ಅರ್ಥಗಾರಿಕೆ, ಇನ್ನೊಬ್ಬರದಕ್ಕೆ ಅವಕಾಶ ಉಳಿಯಬೇಕಿತ್ತು.

ಎಲ್ಲ ಒಗಟುಗಳಿಗೂ ಇಷ್ಟು ಬೆಲೆ ಇಲ್ಲ. ಪೊಲೀಸರ ಬಳಿ ಲಿಯಾನ್‌ನ ಚಿತ್ರವಿರುವಾಗ ಇನ್ನೊಬ್ಬ ಬೇಟೆಗಾರ ಹೋಲ್ಡನ್ ಅವನೆದುರು ಕುಳಿತು ಅಷ್ಟು ಹೊತ್ತು ಪ್ರಶ್ನೆ ಕೇಳಿದ್ದೇಕೆ ಎಂಬುದಕ್ಕೆ, ರೆಪ್ಲಿಕಂಟ್‌ಗಳನ್ನು ಪತ್ತೆಹಚ್ಚುವ ಆ ಪರೀಕ್ಷೆಯನ್ನು ನಮಗೆ ತೋರಿಸಬೇಕಿತ್ತು ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಹೊಳೆಯುವುದಿಲ್ಲ. ಟೈರೆಲ್‌ನ ಕಂಪನಿಯ ವಿನ್ಯಾಸಕ ಸೆಬಾಸ್ಟಿಯನ್ ಮತ್ತು ಟೈರೆಲ್ ದೂರದಿಂದಲೇ ಆಡುವ ಚೆಸ್‌ನ ಕೊನೆಯ ನಡೆಗಳು 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ ‘ಅಮರ ಆಟ’ದವು, ರಾಣಿಯನ್ನು ಬಲಿಕೊಟ್ಟು ಬಿಷಪ್‌ನಿಂದ ಮಾತ್ ಮಾಡುವ ಆಟ. ಸಾವನ್ನು ಮುಂದೂಡಿಸಿಕೊಳ್ಳಲು ಟೈರೆಲ್‌ನ ಬಳಿ ಬಂದ ರಾಯ್‌ಗೆ ಇದಕ್ಕಿಂತ ತಕ್ಕ ಆಟವಿಲ್ಲ, ಆದರೆ ಇಬ್ಬರ ಹಲಗೆಗಳ ಮೇಲಿನ ಕಾಯಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅಷ್ಟೆಲ್ಲ ತಿದ್ದಿದವರು ಇದನ್ನೂ ಸರಿಮಾಡಬಹುದಿತ್ತು.

ಆಯುಷ್ಯದ ಪ್ರಶ್ನೆಗಳು ಬೇರೆಯೇ ತೂಕದವು. 1982ರ ಚಿತ್ರದಲ್ಲಿ ಡೆಕರ್ಡ್‌ನ ಹಿನ್ನೆಲೆ ಧ್ವನಿ, ರೇಚಲ್‌ಗೆ ಅವಧಿಯ ಮಿತಿ ಇಲ್ಲವೆಂದು ಹೇಳಿ, ಇಬ್ಬರನ್ನೂ ಬಿಸಿಲಿನ ಬೆಟ್ಟಸಾಲಿಗೆ ಕಳುಹಿಸಿತ್ತು. ಆ ಬೆಟ್ಟಗಳು ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆದು ಉಳಿದಿದ್ದ ದೃಶ್ಯಗಳು. 1992ರಲ್ಲಿ ಧ್ವನಿ, ಬೆಟ್ಟ ಎರಡನ್ನೂ ತೆಗೆದುಹಾಕಿದಾಗ ಅವಳು ಎಷ್ಟು ಕಾಲ ಬದುಕುತ್ತಾಳೆ ಎಂಬುದು ಮತ್ತೆ ಪ್ರಶ್ನೆಯಾಯಿತು, ಚಿತ್ರ ಅದರಿಂದ ಗಟ್ಟಿಯಾಯಿತು.

ರಾಯ್ ತಯಾರಾದ ದಿನ 2016ರ ಜನವರಿ 8 ಎಂದು ಬ್ರಯಂಟ್ ತೋರಿಸುವ ಪರದೆಯಲ್ಲಿದೆ, ಲಿಯಾನ್ ತನ್ನ ಹುಟ್ಟಿದ ದಿನ 2017ರ ಏಪ್ರಿಲ್ 10 ಎನ್ನುತ್ತಾನೆ, ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ, ಆಯುಷ್ಯ ನಾಲ್ಕು ವರ್ಷ. ಹಾಗಿದ್ದರೆ ಲಿಯಾನ್‌ಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು, ರಾಯ್‌ಗೂ ಸುಮಾರು ಎರಡು ತಿಂಗಳು ಇತ್ತು. ಆದರೂ ರಾಯ್‌ನ ಕೈ ಮರಗಟ್ಟುತ್ತದೆ, ಅದನ್ನು ಎಚ್ಚರವಾಗಿಡಲು ಅಂಗೈಗೆ ಮೊಳೆ ಚುಚ್ಚಿಕೊಳ್ಳುತ್ತಾನೆ, ಆ ರಾತ್ರಿಯೇ ಸಾಯುತ್ತಾನೆ. ಇದು ದಿನಾಂಕ ಬರೆದವರ ತಪ್ಪೆಂದು ಕೆಲವರು ಹೇಳುತ್ತಾರೆ. ಇಮ್ಮಡಿ ಪ್ರಕಾಶದಿಂದ ಉರಿಯುವ ಬೆಳಕು ಅರ್ಧ ಕಾಲಕ್ಕೇ ತೀರುತ್ತದೆ, ನೀನು ಹಾಗೆ ಉರಿದವನು ಎಂದು ಟೈರೆಲ್ ಅವನಿಗೆ ಹೇಳಿದ್ದ ಮಾತಿನಲ್ಲೇ ಇದಕ್ಕೆ ಉತ್ತರವಿದೆಯೆಂದು ನಾನು ವಾದಿಸುತ್ತೇನೆ, ಮತ್ತು ಆ ಎರಡು ತಿಂಗಳ ಲೆಕ್ಕವನ್ನು ಮುಂದೆಯೂ ಯಾರೂ ಸರಿಪಡಿಸಬಾರದೆಂದು ಬಯಸುತ್ತೇನೆ.