ತಾರಸಿ ತೋಟದ ಡೈರಿ: ನೀರು ನಿಲ್ಲಿಸಿದ ಬೇಸಿಗೆ

ಹೋದ ವರ್ಷ ಬೇಸಿಗೆ ಕಾಲಿಟ್ಟಾಗ ನಮ್ಮ ತಾರಸಿಯಲ್ಲಿ ಎಲೆಗೇನೂ ಬರ ಇರಲಿಲ್ಲ. ಎರಡು ದುಂಡುಮಲ್ಲಿಗೆ ಕುಂಡ, ಎರಡೂ ಹಚ್ಚ ಹಸಿರು. ಇಡೀ ಮಾರ್ಚಿನಲ್ಲಿ ಬಿಟ್ಟಿದ್ದು ಎಣಿಸಿ 14 ಹೂ. ಕಾಗದದ ಹೂವಿನ ಬಳ್ಳಿ ನೀರಿನ ಟ್ಯಾಂಕಿನ ನೆತ್ತಿ ಹತ್ತಿ ಕೂತಿತ್ತು, ಬಣ್ಣ ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಪೈಪ್ ಹಿಡಿದು ಎಲ್ಲ ಕುಂಡಕ್ಕೂ ಸರಿಸಮನಾಗಿ ನೀರು ಬಿಡುವುದೇ ತೋಟಗಾರಿಕೆ ಅಂದುಕೊಂಡಿದ್ದ ಕಾಲ ಅದು. ಈ ಸಲ ಉಲ್ಟಾ ಮಾಡಿ ನೋಡೋಣ ಅಂತ ಡಿಸೆಂಬರಿನಲ್ಲೇ ಒಂದು ನೋಟ್‌ಬುಕ್ ತೆಗೆದೆ. ಅದರಲ್ಲಿ ಗೀಚಿಕೊಂಡದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ಡಿಸೆಂಬರ್ 28

ಮಲ್ಲಿಗೆಗೂ ಕೆಂಪು ಲಿಲ್ಲಿಗೂ ಇವತ್ತಿನಿಂದ ನೀರು ಬಂದ್. ಮಲ್ಲಿಗೆ ಹೂ ಬರುವುದು ಹಳೇ ಕೊಂಬೆಯಲ್ಲಲ್ಲ, ಹೊಸ ಕುಡಿಯ ತುದಿಯಲ್ಲಿ. ಚಳಿಗಾಲದಲ್ಲಿ ಗಿಡವನ್ನು ಸ್ವಲ್ಪ ಒಣಗಿಸಿ ಮಲಗಿಸಬೇಕು, ಆಮೇಲೆ ಸವರಬೇಕು, ಆಮೇಲೆ ಗೊಬ್ಬರ ನೀರು ಕೊಟ್ಟು ಎಬ್ಬಿಸಬೇಕು. ಆಗ ಎಲ್ಲ ಕುಡಿಗಳೂ ಒಟ್ಟಿಗೆ ಚಿಗುರಿ ಬೇಸಿಗೆಯ ಬಾಗಿಲಲ್ಲೇ ಮೊಗ್ಗು ಕಚ್ಚುತ್ತವೆ. ಮಲ್ಲಿಗೆ ಬೆಳೆಯುವವರು ಹೊಲದಲ್ಲಿ ಮಾಡುವುದೇ ಇದು. ನಾನು ಕುಂಡದಲ್ಲಿ ಮಾಡಲು ಹೊರಟಿದ್ದೇನೆ, ಅಷ್ಟೆ.

ಅಮ್ಮನಿಗೆ ಹೇಳಿದೆ. "ಗಿಡಕ್ಕೆ ಬಾಯಿಲ್ಲ ಅಂತ ಹಿಂಗೆ ಒಣಗಿಸ್ತೀಯಲ್ಲೋ" ಅಂದರು. ಇನ್ನೇನೂ ಅನ್ನಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜನವರಿ 14

ಚಾಟನಿ ದಿನ, ಅಂದರೆ ಗಿಡ ಸವರುವ ದಿನ. ಎಡ ಕುಂಡದ ಎಲೆಗಳು ಮಂಕಾಗಿ, ಕೆಳಗಿನವು ಹಳದಿಯಾಗಿ ಉದುರಿವೆ. ಬಲ ಕುಂಡ ಮಾತ್ರ ಏನೂ ಆಗದ ಹಾಗೆ ಮಿರಮಿರ ಮಿಂಚುತ್ತಿದೆ. ಮಣ್ಣಿಗೆ ಬೆರಳು ತೂರಿಸಿದರೆ ಎರಡನೇ ಗೆಣ್ಣಿನ ತನಕ ತಂಪು. ಅಮ್ಮ ದಿನಾ ಸಂಜೆ ಬಟ್ಟೆ ತೆಗೆಯಲು ಬಂದಾಗ ಒಂದು ಚೊಂಬು ನೀರು ಹಾಕಿ ಇಳಿಯುತ್ತಿದ್ದರಂತೆ. "ಒಂದಾದ್ರೂ ಉಳೀಲಿ ಅಂತ ಹಾಕ್ದೆ ಕಣೋ."

ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು, ಇದಕ್ಕಿಂತ ಒಳ್ಳೆಯ ಹೋಲಿಕೆ ನಾನೇ ಕೂತು ಯೋಚಿಸಿದ್ದರೂ ಸಿಗುತ್ತಿರಲಿಲ್ಲ. ಒಂದೇ ತಳಿ, ಒಂದೇ ವಯಸ್ಸು, ಒಂದೇ ಅಳತೆಯ ಕುಂಡ. ಹಾಗಾಗಿ ಎರಡನ್ನೂ ಒಂದೇ ದಿನ, ಒಂದೇ ಎತ್ತರಕ್ಕೆ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಸವರಿದೆ. ಗೆಣ್ಣಿನ ಮೇಲೆ ಅರ್ಧ ಬೆರಳು ಬಿಟ್ಟು ಓರೆಯಾಗಿ ಕತ್ತರಿ. ಉಳಿದ ಎಲೆಗಳನ್ನೆಲ್ಲ ಕೈಯಲ್ಲೇ ಕಿತ್ತೆ. ಮೇಲಿನ ಮಣ್ಣು ಕೆದಕಿ ಎರಡಕ್ಕೂ ಎರಡೆರಡು ಹಿಡಿ ಎರೆಗೊಬ್ಬರ, ಆಮೇಲೆ ತಳದ ತೂತಿನಿಂದ ಹೊರಬರುವಷ್ಟು ನೀರು. ಇನ್ನು ಮುಂದೆ ಇವು "ನನ್ನ ಕುಂಡ", "ಅಮ್ಮನ ಕುಂಡ".

ಫೆಬ್ರವರಿ 3

ಎರಡರಲ್ಲೂ ಚಿಗುರು. ಅಮ್ಮನ ಕುಂಡದ ಕುಡಿಗಳು ಉದ್ದ. ಅಮ್ಮ ನೋಡಿ ನಕ್ಕರು.

ಈ ಮಧ್ಯೆ ಜಿನಿಯಾ ಬೀಜ ಹಾಕಿದ್ದೆ. ಐದನೇ ದಿನಕ್ಕೆ ಟ್ರೇ ತುಂಬ ಮೊಳಕೆ. ಖುಷಿಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಚಿಮುಕಿಸಿದೆ. ಒಂಬತ್ತನೇ ದಿನ ನೋಡಿದರೆ ಅರ್ಧಕ್ಕರ್ಧ ಸಸಿ ಬುಡದಲ್ಲಿ ದಾರದ ಹಾಗೆ ಸಣ್ಣಗಾಗಿ ಮಲಗಿಬಿಟ್ಟಿವೆ. ಸಸಿ ಕೊಳೆ ರೋಗ. ಮಲ್ಲಿಗೆಗೆ ನೀರು ನಿಲ್ಲಿಸಿ ಜಾಣ ಅನ್ನಿಸಿಕೊಂಡವನು ಪಕ್ಕದ ಟ್ರೇಯಲ್ಲಿ ಅದೇ ಹಳೇ ತಪ್ಪು ಮಾಡಿದ್ದೆ!

ಸಮಾಧಾನಕ್ಕೆ ಒಂದು ಕಥೆ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2015ರ ಕೊನೆಗೆ ಬೆಳೆಸಿದ ಜಿನಿಯಾಗಳಿಗೂ ತೇವ ಹೆಚ್ಚಾಗಿ ಬೂಷ್ಟು ಹಿಡಿದಿತ್ತು. ಆಗ ಗಗನಯಾತ್ರಿ ಸ್ಕಾಟ್ ಕೆಲ್ಲಿ, ಭೂಮಿಯಿಂದ ಬರುವ ವೇಳಾಪಟ್ಟಿ ಬೇಡ, ಗಿಡ ನೋಡಿ ಯಾವಾಗ ನೀರು ಅಂತ ನಾನೇ ತೀರ್ಮಾನ ಮಾಡುತ್ತೇನೆ ಅಂತ ಕೇಳಿಕೊಂಡರು. ನಾಸಾ ಒಪ್ಪಿ, ಒಂದು ಪುಟದ ಆರೈಕೆ ಚೀಟಿ ಮಾತ್ರ ಕಳಿಸಿತು. 2016ರ ಜನವರಿಯಲ್ಲಿ ಅಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ನಮ್ಮಲ್ಲಿ ಉಳಿದದ್ದು 11 ಸಸಿ. ಇವಕ್ಕೆ ಇನ್ನು ಬುಡದಲ್ಲಷ್ಟೇ ನೀರು, ಅದೂ ಮೇಲ್ಮಣ್ಣು ಬಿಳಿಚಿಕೊಂಡ ಮೇಲೆ.

ಫೆಬ್ರವರಿ 26

ನನ್ನ ಕುಂಡದಲ್ಲಿ ಮೊಗ್ಗು! ಪ್ರತಿ ಕುಡಿಯ ತುದಿಯಲ್ಲೂ ಮೂರು ಮೂರು, ನಡುವಿನದು ದಪ್ಪ, ಆಚೆ ಈಚೆ ಎರಡು ಪುಟ್ಟವು. ಕುಡಿಗಳು ಗಿಡ್ಡ, ಮೂರ್ನಾಲ್ಕು ಜೊತೆ ಎಲೆ ಬಿಟ್ಟು ಅಲ್ಲಿಗೇ ನಿಲ್ಲಿಸಿ ಮೊಗ್ಗಿಗೆ ತಿರುಗಿವೆ. ಅಮ್ಮನ ಕುಂಡದಲ್ಲಿ ಬಳ್ಳಿಯ ಹಾಗೆ ಬೆಳೆದ ಉದ್ದುದ್ದ ಕುಡಿ, ತುದಿಯಲ್ಲಿ ಇನ್ನೂ ಎಲೆಯೇ.

ಮಾರ್ಚ್ 6

ಸಂಜೆ ಆರಕ್ಕೆ ಕುರ್ಚಿ ಹಾಕಿಕೊಂಡು ಒಂದು ಮೊಗ್ಗಿನ ಮುಂದೆ ಕೂತೆ. ಬೆಳಿಗ್ಗೆ ಹಸಿರು ಮಿಶ್ರಿತ ಬಿಳಿ ಇದ್ದದ್ದು ಈಗ ಪೂರ್ತಿ ಹಾಲುಬಿಳಿ. ನೋಡುತ್ತಾ ಕೂತರೆ ಏನೂ ಆಗುವುದಿಲ್ಲ. ಫೋನ್ ನೋಡಿ ತಲೆ ಎತ್ತಿದರೆ ಹೊರಗಿನ ಒಂದು ಎಸಳು ಬಿಟ್ಟುಕೊಂಡಿದೆ. ಕತ್ತಲಾಗುವ ಹೊತ್ತಿಗೆ ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು. ಪರಿಮಳ ಬರುವುದು ಮೂಗು ಹತ್ತಿರ ಇಟ್ಟಾಗ ಅಲ್ಲ, ಎದ್ದು ನಾಲ್ಕು ಹೆಜ್ಜೆ ದೂರ ಹೋದಾಗ. ಬಿಳಿ ಬಣ್ಣ, ರಾತ್ರಿ ಸುವಾಸನೆ, ಇದೆಲ್ಲ ಪತಂಗಗಳನ್ನು ಕರೆಯುವ ಏರ್ಪಾಡು. ಆದರೆ ದುಂಡುಮಲ್ಲಿಗೆಯಲ್ಲಿ ಎಸಳಿನ ಮೇಲೆ ಎಸಳು ತುಂಬಿಕೊಂಡು ಕಾಯಿ ಕಟ್ಟುವುದೇ ಇಲ್ಲ. ಪತಂಗ ಬಂದರೂ ಲಾಭವಿಲ್ಲ. ಮನುಷ್ಯ ಕಡ್ಡಿ ನೆಟ್ಟರೇ ವಂಶ ಮುಂದಕ್ಕೆ.

ಮಾರ್ಚ್ 11

ಇಷ್ಟು ಸುಸೂತ್ರ ನಡೆದದ್ದೇ ಹೆಚ್ಚು. ಕೆಲವು ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಗುಂಡುಸೂಜಿ ಚುಚ್ಚಿದಂಥ ತೂತು. ಒಡೆದು ನೋಡಿದರೆ ಒಳಗೆ ಹಸಿರು ಹುಳು, ಎಸಳನ್ನೆಲ್ಲ ತಿಂದು ಪುಡಿ ಮಾಡಿದೆ. ಮೊಗ್ಗು ಕೊರೆಯುವ ಹುಳು ಅಂದರೆ ಇದೇ. ಗೊಂಚಲನ್ನು ನೂಲಿನಿಂದ ಒಂದಕ್ಕೊಂದು ಹೊಲಿದುಕೊಂಡು ಮೊಗ್ಗಿನಿಂದ ಮೊಗ್ಗಿಗೆ ಹೋಗುತ್ತದೆ.

ತೂತಿದ್ದ ಮೊಗ್ಗುಗಳನ್ನೆಲ್ಲ ಕಿತ್ತು ಸೋಪಿನ ನೀರಿಗೆ ಹಾಕಿದ್ದು ಸರಿ. ಆಮೇಲೆ ಆತುರಕ್ಕೆ ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಬೇವಿನ ಎಣ್ಣೆ ಸಿಂಪಡಿಸಿದ್ದು ತಪ್ಪು. ಮೂರೇ ದಿನದಲ್ಲಿ ಮೇಲಿನ ಎಲೆಗಳ ಅಂಚು ಕಂದಿ ಗರಿಗರಿ. ಎಣ್ಣೆ ಏನಿದ್ದರೂ ಬಿಸಿಲು ಇಳಿದ ಮೇಲೆ. ಈ ಮಾತು ಬಾಟಲಿಯ ಮೇಲೇ ಬರೆದಿತ್ತು.

ಮಾರ್ಚ್ 19

ಕೆಂಪು ಲಿಲ್ಲಿ. ಅಂಗಡಿಗಳಲ್ಲಿ ಅಮರಿಲ್ಲಿಸ್ ಅನ್ನುತ್ತಾರೆ, ಆದರೆ ಅದು ದಕ್ಷಿಣ ಆಫ್ರಿಕಾದ ಬೇರೆಯೇ ಗಿಡದ ಹೆಸರು. ನಮ್ಮದು ದಕ್ಷಿಣ ಅಮೆರಿಕ ಮೂಲದ ಹಿಪ್ಪಿಯಾಸ್ಟ್ರಮ್. ಹೆಸರಿನ ಈ ಜಗಳ 1987ರಲ್ಲಿ ಸಸ್ಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತೀರ್ಮಾನವಾಯಿತು, ಅಂಗಡಿಗಳಿಗೆ ಸುದ್ದಿ ಮುಟ್ಟಿಲ್ಲ.

ಐದು ಗೆಡ್ಡೆಗಳಲ್ಲಿ ನಾಲ್ಕು, ಎಲೆ ಬರುವ ಮೊದಲೇ ದಪ್ಪ ದಂಟು ಎತ್ತಿ ನಾಲ್ಕು ನಾಲ್ಕು ಹೂ ಬಿಟ್ಟಿವೆ. ಐದನೆಯದರಲ್ಲಿ ಬರೀ ಎಲೆ. ಕಾರಣ ನನಗೆ ಗೊತ್ತು. ಹೋದ ವರ್ಷ ಹೂ ಮುಗಿದ ಮೇಲೆ ನೋಡಲು ಚೆನ್ನಾಗಿಲ್ಲ ಅಂತ ಅದರ ಹಸಿ ಎಲೆಗಳನ್ನು ಕತ್ತರಿಸಿದ್ದೆ. ಈ ಗೆಡ್ಡೆ ಸುಮಾರು ನಾಲ್ಕು ಎಲೆಗೊಂದು ಹೂದಂಟಿನ ಲೆಕ್ಕದಲ್ಲಿ ಒಳಗೇ ಮೊಗ್ಗು ಕಟ್ಟಿಟ್ಟುಕೊಳ್ಳುತ್ತದೆ. ಎಲೆ ಕತ್ತರಿಸಿದರೆ ಮುಂದಿನ ವರ್ಷದ ಹೂ ಕತ್ತರಿಸಿದ ಹಾಗೆ. ನೀರು ನಿಲ್ಲಿಸುವುದೂ ಅಷ್ಟೇ, ಎಲೆ ತನ್ನ ಕೆಲಸ ಮುಗಿಸಿದ ಮೇಲೆಯೇ.

ಮಾರ್ಚ್ 27

ಟೇಬಲ್ ರೋಸ್ ಬಗ್ಗೆ ಬರೆಯುವಂಥ ಆರೈಕೆ ಏನೂ ಇಲ್ಲ. ತುಂಡು ಮಾಡಿ ಚುಚ್ಚಿದೆ, ಬಂತು. ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನ ಕಳೆದರೆ ಮುದುಡುತ್ತದೆ. ಹಾಗಂತ ಬಿಡಲಾಗದ ಒಂದು ಸಂಗತಿ ಇದೆ. ಒಂದೇ ಸುತ್ತು ಎಸಳಿರುವ ಸಾದಾ ಹೂವಿನಲ್ಲಿ ಒಂದು ಹುಲ್ಲುಕಡ್ಡಿಯಿಂದ ಕೇಸರಗಳನ್ನು ಮೆಲ್ಲಗೆ ಸೋಕಿಸಿ ನೋಡಿ. ಅವು ಮುಟ್ಟಿದ ಕಡೆಗೇ ಬಾಗುತ್ತವೆ. ಹೂವಿಗೆ ಇಳಿದ ಜೇನುಹುಳದ ಮೈಗೆ ಪರಾಗ ಮೆತ್ತುವ ಉಪಾಯ. ಅಮ್ಮನನ್ನು ಕೂಗಿ ತೋರಿಸಿದೆ. ಅವರು ಸಾಲಾಗಿ ಎಲ್ಲ ಹೂವನ್ನೂ ಮುಟ್ಟುತ್ತಾ ಹೋದರು, ಒಲೆ ಮೇಲೆ ಏನೋ ಇಟ್ಟು ಬಂದದ್ದು ಮರೆತು.

ಏಪ್ರಿಲ್ 5

ಕಾಗದದ ಹೂವಿಗೆ ಫೆಬ್ರವರಿಯಿಂದ ಎಲೆ ಜೋತು ಬಿದ್ದ ಮೇಲಷ್ಟೇ ನೀರು ಕೊಟ್ಟದ್ದು. ಈಗ ಟ್ಯಾಂಕ್ ಕಾಣುತ್ತಿಲ್ಲ, ಅಷ್ಟು ಗುಲಾಬಿ. ಬಣ್ಣದ ಆ ಮೂರು "ಎಸಳು" ಹೂವಲ್ಲ, ಬಣ್ಣ ತುಂಬಿದ ಎಲೆ. ನಡುವೆ ಕಡ್ಡಿಯಂತೆ ನಿಂತಿರುವ ಸಣ್ಣ ಬಿಳಿ ನಳಿಕೆಗಳೇ ನಿಜವಾದ ಹೂ. 1767ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕೊಮ್ಮರ್ಸನ್ ಬ್ರೆಜಿಲ್‌ನಲ್ಲಿ ಇದನ್ನು ಸಂಗ್ರಹಿಸಿದರು. ಹಡಗಿನ ನಾಯಕ ಬೂಗನ್‌ವಿಲ್ ಅವರ ಹೆಸರು ಗಿಡಕ್ಕೆ ಬಂತು, ಬೋಗನ್‌ವಿಲ್ಲಾ ಅಂತ. ಕೊಮ್ಮರ್ಸನ್ ಜೊತೆ ಗಂಡಸಿನ ವೇಷದಲ್ಲಿ ಸಹಾಯಕಿಯಾಗಿ ಹೋಗಿದ್ದ ಝಾನ್ ಬಾರೆ ಮುಂದೆ ಭೂಮಿ ಸುತ್ತಿದ ಮೊದಲ ಮಹಿಳೆ ಅನ್ನಿಸಿಕೊಂಡರು. ಹೆಸರು ಯಾರದ್ದು ಇಡಬೇಕಿತ್ತು ಅನ್ನುವುದು ನನ್ನ ತಕರಾರು.

ಜಿನಿಯಾ: 11ರಲ್ಲಿ 9 ಹೂ ಬಿಟ್ಟಿವೆ. ತುದಿ ಚಿವುಟಿದವು ಕವಲೊಡೆದು ಪೊದೆಯಾಗಿವೆ, ಚಿವುಟಲು ಮನಸ್ಸು ಬಾರದೆ ಬಿಟ್ಟ ಎರಡು ಕೋಲಿನ ಹಾಗಿವೆ.

ಏಪ್ರಿಲ್ 16

ಮಲ್ಲಿಗೆ ಲೆಕ್ಕ. ನನ್ನ ಕುಂಡ: ಮಾರ್ಚ್ 6ರಿಂದ ಇಲ್ಲಿಯವರೆಗೆ 212 ಹೂ. ಅಮ್ಮನ ಕುಂಡ: 61. ನೋಟ್‌ಬುಕ್ ಹಿಡಿದುಕೊಂಡು ಜಂಬದಿಂದಲೇ ಅಡುಗೆಮನೆಗೆ ಹೋದೆ.

"ಈಗ ಎಷ್ಟಿದೆ ನಿನ್ನದ್ರಲ್ಲಿ?" ಅಂದರು ಅಮ್ಮ.

ಮೇಲೆ ಬಂದು ನೋಡಿದೆ. ನನ್ನದರಲ್ಲಿ ಮೊಗ್ಗು ಒಂದೂ ಇಲ್ಲ. ಎಲ್ಲ ಮಾರ್ಚಿನ ಮೂರು ವಾರದಲ್ಲೇ ಭರ್ರನೆ ಬಿಟ್ಟು ಮುಗಿಸಿದೆ. ಹೂ ಬಿಟ್ಟ ತುದಿಗಳನ್ನು ಮತ್ತೆ ಚಿವುಟಿ ಇನ್ನೊಂದು ಸುತ್ತಿಗೆ ಕಾಯಬೇಕು. ಅಮ್ಮನದರಲ್ಲಿ ಆ ಉದ್ದ ಕುಡಿಗಳು ಮಾರ್ಚ್ ಕೊನೆಗೆ ಶುರು ಮಾಡಿ, ದಿನಕ್ಕೆ ಮೂರು ನಾಲ್ಕರಂತೆ, ಇವತ್ತೂ ಬಿಟ್ಟಿವೆ. ನಾಳೆಗೂ ನಾಲ್ಕು ದಪ್ಪ ಮೊಗ್ಗು ಕಾಣುತ್ತಿವೆ. ಒಂದೊಂದೇ ಕುಂಡ ಇಟ್ಟುಕೊಂಡು ಇದೇ ನಿಯಮ ಅನ್ನಲಾರೆ. ಮುಂದಿನ ವರ್ಷಕ್ಕೆ ಇನ್ನೆರಡು ಕಡ್ಡಿ ನೆಟ್ಟಿದ್ದೇನೆ. ಎರಡನ್ನು ಡಿಸೆಂಬರಿನಲ್ಲಿ ಒಣಗಿಸುವುದು, ಎರಡನ್ನು ಅಮ್ಮನ ಚೊಂಬಿಗೆ ಬಿಡುವುದು ಅಂತ ಇಬ್ಬರೂ ಒಪ್ಪಿದ್ದೇವೆ.

ಏಪ್ರಿಲ್ 23

ಮೂಲೆಯ ಮೇ ಫ್ಲವರ್ ಕುಂಡ ನವೆಂಬರಿನಿಂದ ಬರೀ ಮಣ್ಣು. ಎರಡು ಸಲ ಖಾಲಿ ಕುಂಡ ಅಂದುಕೊಂಡು ಬೇರೆ ಏನೋ ನೆಡಲು ಹೋಗಿ, ಕೈಗೆ ಗೆಡ್ಡೆ ತಗುಲಿ ವಾಪಸ್ ಬಂದಿದ್ದೆ. ಒಂದು ದಂಟಿನ ತುದಿಯಲ್ಲಿ ಇನ್ನೂರರವರೆಗೂ ಪುಟ್ಟ ಹೂಗಳು ಸೇರಿ ಕೆಂಪು ಚೆಂಡಾಗುವ ಗಿಡ ಇದು. ನೆನ್ನೆ ರಾತ್ರಿ ಒಂದು ಜಡಿ ಮಳೆ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಕುಂಡದ ನಡುವೆ ಮಣ್ಣು ಬಿರಿದು, ಬೆರಳು ದಪ್ಪದ, ಚುಕ್ಕೆ ಚುಕ್ಕೆಯ ಒಂದು ಮೂತಿ ಹೊರಗೆ ಇಣುಕಿದೆ.