ಕಾಗದ ನಿಮ್ಮದು, ಒಕ್ಕಣೆ ಅವರದು

"ನನಗೆ ಬಂದ ಪತ್ರ ತಾನೆ, ಅಚ್ಚು ಹಾಕಿಸೋಕೆ ಯಾರನ್ನ ಕೇಳಬೇಕು?" ಇವತ್ತು ಗೆಳೆಯರೊಬ್ಬರ ಪ್ರಶ್ನೆ.

ಬರೆದವರನ್ನ. ಅವರಿಲ್ಲದಿದ್ದರೆ ವಾರಸುದಾರರನ್ನ.

ಲಂಡನ್ನಿನಲ್ಲಿ 1741ರಲ್ಲೇ ಇತ್ಯರ್ಥವಾದ ವಿಷಯ ಇದು. ಕವಿ ಅಲೆಕ್ಸಾಂಡರ್ ಪೋಪ್ ಮತ್ತು ಜೊನಾಥನ್ ಸ್ವಿಫ್ಟ್ ಪತ್ರವ್ಯವಹಾರವನ್ನ ಎಡ್ಮಂಡ್ ಕರ್ಲ್ ಅನ್ನೋ ಪುಸ್ತಕ ವ್ಯಾಪಾರಿ ಕೇಳದೇ ಅಚ್ಚು ಹಾಕಿದ. ಪೋಪ್ 1710ರ ಬ್ರಿಟಿಷ್ ಕಾಪಿರೈಟ್ (ಕೃತಿಸ್ವಾಮ್ಯ) ಕಾಯ್ದೆ ಹಿಡಿದು ಚಾನ್ಸರಿ ಅನ್ನೋ ಕೋರ್ಟಿಗೆ ಹೋದ.

ಕರ್ಲ್ ವಾದ: ಕಳಿಸಿದ ಪತ್ರ ಕೊಟ್ಟ ಉಡುಗೊರೆ. ಮೇಲಾಗಿ ಇವು ಡಬ್ಲಿನ್‌ನಲ್ಲಿ ಆಗಲೇ ಅಚ್ಚಾಗಿವೆ.

ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ಎರಡನ್ನೂ ಒಪ್ಪಲಿಲ್ಲ. ಪತ್ರ ಪಡೆದವರಿಗೆ ಹೆಚ್ಚೆಂದರೆ ಆ ಹಾಳೆಯ ಮೇಲೆ ಹಕ್ಕು. ಪ್ರಕಟಿಸೋಕೆ ಪರವಾನಗಿ ಸಿಕ್ಕ ಹಾಗಲ್ಲ.

ಆದರೆ ತಡೆಯಾಜ್ಞೆ ಉಳಿದದ್ದು ಪೋಪ್ ಬರೆದ ಪತ್ರಗಳಿಗೆ ಮಾತ್ರ. ಅವನಿಗೆ ಬಂದವುಗಳಿಗೆ ಇಲ್ಲ, ಅವು ಅವನ ಬರಹವೇ ಅಲ್ಲವಲ್ಲ!

(ಇದೇ ಪೋಪ್ 1735ರಲ್ಲಿ ತನ್ನ ಪತ್ರಗಳು ಕರ್ಲ್ ಕೈ ಸೇರೋ ಹಾಗೆ ತಾನೇ ಗುಟ್ಟಾಗಿ ಏರ್ಪಾಡು ಮಾಡಿದ್ದ. ಕಿಲಾಡಿ.)

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲೂ ಪತ್ರದ ಹಕ್ಕು ಬರೆದವರದ್ದೇ. ಅವರು ಬದುಕಿರುವಾಗ ಪ್ರಕಟವಾಗಿದ್ದರೆ, ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ತೀರಿಕೊಂಡ ಮೇಲೆ ಮೊದಲು ಅಚ್ಚಾದರೆ, ಅಚ್ಚಾದ ಮುಂದಿನ ವರ್ಷದಿಂದ 60.

ಪತ್ರಸಂಪುಟ ತರೋರು ಎಡವೋದು ಇಲ್ಲಿ. ಸಾಹಿತಿಯ ಮನೆಯ ಪೆಟ್ಟಿಗೆಯಲ್ಲಿ ಇರೋದು ಬಹುಪಾಲು ಅವರಿಗೆ ಬಂದ ಪತ್ರಗಳು. ಬರೆದು ಕಳಿಸಿದ್ದು ಬೇರೆಯವರ ಮನೆಗಳಲ್ಲಿರುತ್ತೆ. ಹಾಗಾಗಿ ಪತ್ರಗಳನ್ನ ಬರೆದವರ ಹೆಸರಿನ ಪ್ರಕಾರ ವಿಂಗಡಿಸಿ, ಒಬ್ಬೊಬ್ಬರ ಕಡೆಯಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಪೆಟ್ಟಿಗೆ ಕೊಟ್ಟ ಮನೆಯವರ ಸಹಿ ಒಂದೇ ಸಾಲದು.