ಫಾಂಟ್ ಹಾಕಿದ್ದೇನೆ, ಲಿನಕ್ಸ್‌ನಲ್ಲಿ ಯಾಕೆ ಕಾಣುತ್ತಿಲ್ಲ?

ಲಿನಕ್ಸ್ ಬಳಸಲು ಶುರು ಮಾಡಿದ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ: "ಫಾಂಟ್ ಡೌನ್‌ಲೋಡ್ ಮಾಡಿ ಹಾಕಿದೆ, ಕಂಪ್ಯೂಟರ್ ಗುರುತಿಸುತ್ತಲೇ ಇಲ್ಲ, ಏನು ಮಾಡಲಿ?" ಸ್ವಲ್ಪ ಕೆದಕಿ ಕೇಳಿದರೆ ಇಲ್ಲಿ ಎರಡು ಬೇರೆ ತೊಂದರೆಗಳಿರುತ್ತವೆ. ಕೆಲವರಿಗೆ ಲಿಬ್ರೆಆಫೀಸ್ ಪಟ್ಟಿಯಲ್ಲಿ ಫಾಂಟಿನ ಹೆಸರೇ ಇಲ್ಲ. ಇನ್ನು ಕೆಲವರಿಗೆ ಹೆಸರಿದೆ, ಆದರೆ ಅದನ್ನು ಆರಿಸಿದರೂ ಅಕ್ಷರ ಬದಲಾಗುವುದಿಲ್ಲ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಅದು ಗೊತ್ತಾಗುವ ಮೊದಲು ಯಾವುದನ್ನೂ ಅಳಿಸಿ ಮತ್ತೆ ಹಾಕಬೇಡಿ.

ಲಿನಕ್ಸ್‌ನಲ್ಲಿ ಫಾಂಟ್ ಹುಡುಕಿಕೊಡುವ ಕೆಲಸ ಫಾಂಟ್‌ಕಾನ್ಫಿಗ್ ಅನ್ನುವ ತಂತ್ರಾಂಶದ್ದು. ಹೆಚ್ಚುಕಮ್ಮಿ ಎಲ್ಲ ಆ್ಯಪ್‌ಗಳೂ ಅದನ್ನೇ ಕೇಳುತ್ತವೆ. ಹಾಗಾಗಿ ನೀವೂ ಅದನ್ನೇ ಕೇಳಿ. ಟರ್ಮಿನಲ್ ತೆರೆದು ಎಫ್‌ಸಿ-ಲಿಸ್ಟ್ ಅಂತ ಕೊಟ್ಟರೆ (ಕಮಾಂಡುಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು) ಅದಕ್ಕೆ ಗೊತ್ತಿರುವ ಫಾಂಟುಗಳೆಲ್ಲ ಬರುತ್ತವೆ. ನಿಮ್ಮದು ಅಲ್ಲಿದೆಯಾ ನೋಡಿ. ಎಫ್‌ಸಿ-ಮ್ಯಾಚ್ ಅನ್ನುವ ಕಮಾಂಡನ್ನು ಮಾತ್ರ ಇದಕ್ಕೆ ನಂಬಬೇಡಿ, ಅದು ಇಲ್ಲ ಅಂತ ಯಾವತ್ತೂ ಹೇಳುವುದಿಲ್ಲ. ಕೇಳಿದ ಫಾಂಟ್ ಇಲ್ಲದಿದ್ದರೆ ದೇಜಾವು ಸ್ಯಾನ್ಸ್ ಥರದ ಇನ್ನೊಂದನ್ನು ಸುಮ್ನೆ ಕೊಟ್ಟುಬಿಡುತ್ತದೆ.

ಪಟ್ಟಿಯಲ್ಲಿ ಇಲ್ಲ ಅಂದರೆ ಫೈಲನ್ನೇ ಪರೀಕ್ಷೆ ಮಾಡಿ. ಫೈಲ್ ಅನ್ನುವ ಹೆಸರಿನದೇ ಒಂದು ಕಮಾಂಡ್ ಇದೆ. ಅದರ ಮುಂದೆ ಫಾಂಟ್ ಫೈಲಿನ ಹೆಸರು ಕೊಟ್ಟರೆ ಒಳಗೆ ನಿಜಕ್ಕೂ ಏನಿದೆ ಅಂತ ಹೇಳುತ್ತದೆ. ಟ್ರೂಟೈಪ್ ಅಥವಾ ಓಪನ್‌ಟೈಪ್ ಅಂತ ಬಂದರೆ ಸರಿ. ಎಚ್‌ಟಿಎಂಎಲ್ ಅಂತ ಬಂದರೆ ಫಾಂಟ್ ಇಳಿದೇ ಇಲ್ಲ! ಗಿಟ್‌ಹಬ್‌ನಲ್ಲಿ ಫೈಲಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಸೇವ್ ಮಾಡಿದಾಗ ಹೀಗಾಗುವುದುಂಟು. ಕೊನೆಯಲ್ಲಿ ಟಿಟಿಎಫ್ ಅಂತಲೇ ಇರುತ್ತದೆ, ಒಳಗಿರುವುದು ವೆಬ್ ಪುಟ. ಜಿಪ್ ಬಿಚ್ಚದೆ ಹಾಗೇ ಫಾಂಟ್ ಫೋಲ್ಡರಿಗೆ ಹಾಕುವವರೂ ಇದ್ದಾರೆ, ಅದನ್ನೂ ನೋಡಿಬಿಡಿ.

ಫೈಲ್ ಸರಿಯಿದ್ದರೆ ಇನ್ನು ಜಾಗ. ಒಬ್ಬರೇ ಬಳಸುವ ಕಂಪ್ಯೂಟರ್ ಆದರೆ ಹೋಮ್ ಒಳಗಿನ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್ ಫೋಲ್ಡರ್ ಸಾಕು. ಡಾಟ್ ಇಂದ ಶುರುವಾಗುವ ಫೋಲ್ಡರ್ ಅಡಗಿರುತ್ತದೆ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಎಲ್ಲ ಬಳಕೆದಾರರಿಗೂ ಬೇಕಾದರೆ ಯುಎಸ್‌ಆರ್, ಲೋಕಲ್, ಶೇರ್, ಫಾಂಟ್ಸ್ (/usr/local/share/fonts) ಫೋಲ್ಡರಿಗೆ ಹಾಕಿ. ಅಲ್ಲಿಗೆ ಸುಡೋ (ನಿರ್ವಾಹಕರ ಅಧಿಕಾರ ಕೊಡುವ ಕಮಾಂಡ್) ಬಳಸಿ ಕಾಪಿ ಮಾಡಿದಾಗ ಕೆಲವೊಮ್ಮೆ ಫೈಲನ್ನು ಓದುವ ಅನುಮತಿ ನಿರ್ವಾಹಕ ಖಾತೆಯಾದ ರೂಟ್‌ಗೆ ಮಾತ್ರ ಉಳಿದುಬಿಡುತ್ತದೆ. ಸುಡೋ ಜೊತೆ chmod ಕಮಾಂಡ್ ಬಳಸಿ ಫೈಲಿಗೆ 644, ಫೋಲ್ಡರಿಗೆ 755 ಕೊಡಿ, ಆಗ ಎಲ್ಲರೂ ಓದಬಹುದು. ಆಮೇಲೆ ಎಫ್‌ಸಿ-ಕ್ಯಾಶ್ ಜೊತೆಗೆ ಅಡ್ಡಗೆರೆ ಎಫ್‌ವಿ ಸೇರಿಸಿ (fc-cache -fv) ಓಡಿಸಿ. ಅದು ಫಾಂಟುಗಳ ಲೆಕ್ಕವನ್ನು ಹೊಸದಾಗಿ ಬರೆದುಕೊಳ್ಳುತ್ತದೆ, ಯಾವ ಯಾವ ಫೋಲ್ಡರ್ ನೋಡಿದೆ ಅಂತಲೂ ತೋರಿಸುತ್ತದೆ. ನಿಮ್ಮ ಫೋಲ್ಡರ್ ಆ ಸಾಲುಗಳಲ್ಲಿ ಇಲ್ಲದಿದ್ದರೆ ನೀವು ಹಾಕಿದ ಜಾಗವೇ ತಪ್ಪು.

ಎಫ್‌ಸಿ-ಲಿಸ್ಟ್‌ನಲ್ಲಿ ಬಂತು, ಆದರೆ ಆ್ಯಪ್‌ನಲ್ಲಿ ಬರಲಿಲ್ಲ ಅಂದರೆ ಮೊದಲು ಆ ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ. ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್‌ನಲ್ಲಿ (ಆ್ಯಪ್‌ಗಳನ್ನು ಉಳಿದ ವ್ಯವಸ್ಥೆಯಿಂದ ಬೇರೆಯಾಗಿಟ್ಟು ಓಡಿಸುವ ಪ್ಯಾಕೇಜ್ ವಿಧಾನಗಳು) ಬಂದ ಆ್ಯಪ್ ಆದರೆ ಅದಕ್ಕೆ ಮಾಮೂಲಿ ಫಾಂಟ್ ಫೋಲ್ಡರುಗಳಷ್ಟೇ ಕಾಣುವುದು, ನೀವು ಫಾಂಟನ್ನು ಬೇರೆ ಡ್ರೈವಿನಲ್ಲಿ ಇಟ್ಟು ಫಾಂಟ್ ಫೋಲ್ಡರಿನಲ್ಲಿ ಬರೀ ಕೊಂಡಿ (ಸಿಮ್‌ಲಿಂಕ್) ಕೊಟ್ಟಿದ್ದರೆ ಕಾಣುವುದಿಲ್ಲ. ಹಳೇ ಡಿಟಿಪಿ ಸಿಡಿಯಿಂದ ತೆಗೆದ ಪಿಎಫ್‌ಬಿ ಫೈಲುಗಳದ್ದು ಬೇರೆ ಕಥೆ. ಅವು ಟೈಪ್ 1 ಅನ್ನುವ ಹಳೇ ಮಾದರಿಯ ಫಾಂಟುಗಳು. ಲಿಬ್ರೆಆಫೀಸ್ ಅವನ್ನು 2017ರ 5.3ನೇ ಆವೃತ್ತಿಯಿಂದಲೇ ಕೈಬಿಟ್ಟಿದೆ. ಫಾಂಟ್‌ಕಾನ್ಫಿಗ್ ಪಟ್ಟಿಯಲ್ಲಿ ಇದ್ದರೂ ಲಿಬ್ರೆಆಫೀಸ್‌ನ ಬರವಣಿಗೆ ಆ್ಯಪ್ ರೈಟರ್‌ನಲ್ಲಿ ಅವು ಬರುವುದಿಲ್ಲ.

ಈಗ ಎರಡನೇ ತೊಂದರೆಗೆ ಬರೋಣ. ಕನ್ನಡದವರು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ, ಹೊರಗಿನ ಮಾರ್ಗದರ್ಶಿಗಳಲ್ಲಿ ಇದಕ್ಕೆ ಉತ್ತರ ಸಿಗುವುದೂ ಕಡಿಮೆ. ಹಳೆಯ ನುಡಿ, ಬರಹ ಫಾಂಟುಗಳನ್ನು ಹಾಕಿರುತ್ತಾರೆ. ಪಟ್ಟಿಯಲ್ಲಿ ಹೆಸರು ಬರುತ್ತದೆ. ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಜಾಗ ಕೊಡುವ ಪದ್ಧತಿ) ಕನ್ನಡದಲ್ಲಿ ಟೈಪ್ ಮಾಡಿದ ಸಾಲನ್ನು ಆಯ್ದು ಆ ಫಾಂಟ್ ಕೊಟ್ಟರೆ ಒಂದು ಅಕ್ಷರವೂ ಅಲುಗಾಡುವುದಿಲ್ಲ. ಕಂಪ್ಯೂಟರ್ ಫಾಂಟನ್ನು ಗುರುತಿಸಿದೆ, ಆ ಫಾಂಟಿನಲ್ಲಿ ಯೂನಿಕೋಡ್ ಕನ್ನಡವೇ ಇಲ್ಲ. ಅವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ದೊಡ್ಡ ಪಿ ಇರುವ ಕಡೆ ತಲೆಕಟ್ಟಿಲ್ಲದ ಕ, ತಲೆ ಮೇಲೆ ಗೀಟಿರುವ ಎ ಜಾಗದಲ್ಲಿ ತಲೆಕಟ್ಟು, ಪೌಂಡ್ ಚಿಹ್ನೆಯಲ್ಲಿ ನ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೇ ಕಡತ ತೆರೆದಾಗ ಪಿ, ಪೌಂಡ್, ಗೀಟಿನ ಎ ಸಾಲಾಗಿ ಕಾಣುವುದು ಇದಕ್ಕೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಿಟ್ಟ 128 ಜಾಗಗಳು ಆ ಫಾಂಟಿನಲ್ಲಿ ಖಾಲಿ. ಖಾಲಿ ಇದ್ದಾಗ ಲೋಹಿತ್ ಅಥವಾ ನೋಟೋ ಥರದ ಯೂನಿಕೋಡ್ ಫಾಂಟಿನ ಅಕ್ಷರ ತಂದು ತುಂಬಲಾಗುತ್ತದೆ, ಅದಕ್ಕೇ ನಿಮಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳಲು ಎಫ್‌ಸಿ-ಲಿಸ್ಟ್ ಮುಂದೆ ಒಂದು ಜಾಗ ಬಿಟ್ಟು ಕೋಲನ್ ಹಾಕಿ, ಅದಕ್ಕೆ ಅಂಟಿಸಿ ಲ್ಯಾಂಗ್=ಕೆಎನ್ ಕೊಡಿ (fc-list :lang=kn). ಯೂನಿಕೋಡ್ ಕನ್ನಡ ಬಲ್ಲ ಫಾಂಟುಗಳು ಬರುತ್ತವೆ, ಹಳೇ ನುಡಿ ಬರುವುದಿಲ್ಲ. ಅಲ್ಲಿ ಏನೂ ಬರದಿದ್ದರೆ ಡೆಬಿಯನ್, ಉಬುಂಟುವಿನಲ್ಲಿ ಫಾಂಟ್ಸ್-ಗುಬ್ಬಿ ಪ್ಯಾಕೇಜ್ ಹಾಕಿಕೊಳ್ಳಿ. ಗುಬ್ಬಿ ಮುಕ್ತ ಫಾಂಟ್, ಓದಲು ಹಿತವಾಗಿದೆ, ನನಗೆ ತುಂಬಾ ಇಷ್ಟ. ನೀವು ಟೈಪ್ ಮಾಡಿದ್ದು ಯೂನಿಕೋಡ್, ಫಾಂಟೂ ಯೂನಿಕೋಡ್, ಆದರೂ ರೈಟರ್‌ನಲ್ಲಿ ಬದಲಾಗುತ್ತಿಲ್ಲ ಅಂದರೆ ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷೆಯ ಸೆಟ್ಟಿಂಗ್‌ಗೆ ಹೋಗಿ. ಅಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಇಟ್ಟುಕೊಂಡಿರುತ್ತದೆ. ಸ್ಟೈಲ್‌ನಲ್ಲಿ ಮೊದಲನೆಯದನ್ನು ಎಷ್ಟು ಬದಲಿಸಿದರೂ ಕನ್ನಡಕ್ಕೆ ತಾಗುವುದಿಲ್ಲ.

ಹಳೇ ಕಡತಗಳನ್ನು ಏನು ಮಾಡೋಣ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಲ್ವಾ? ಓದಲಷ್ಟೇ ಬೇಕಾದರೆ ಹಳೇ ಫಾಂಟ್ ಇರಲಿ. ಮುಂದೆಯೂ ಬೇಕಾದ ಬರಹ ಆದರೆ ದಯವಿಟ್ಟು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಗ ಮಾತ್ರ ಅದರಲ್ಲಿ ಕನ್ನಡ ಪದ ಹುಡುಕಲು ಆಗುವುದು. ಬದಲಿಸಿಕೊಡುವ ತಂತ್ರಾಂಶಗಳಿವೆ. ಆದರೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು, ಎಡವಟ್ಟಾಗುವುದು ಅಲ್ಲೇ. ಮಧ್ಯೆ ಇದ್ದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಮೂಲ ಕಡತವನ್ನು ಅಳಿಸಬೇಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಕೇಳಿ, ಖಂಡಿತ ನೋಡುತ್ತೇನೆ. ಬರೀ ಸ್ಕ್ರೀನ್‌ಶಾಟ್ ಸಾಲದು. ಫೈಲ್ ಕಮಾಂಡ್ ಏನು ಹೇಳಿತು, ಎಫ್‌ಸಿ-ಲಿಸ್ಟ್‌ನಲ್ಲಿ ಹೆಸರು ಬಂತಾ, ಆ್ಯಪ್ ಸ್ನ್ಯಾಪ್‌ನದಾ ಫ್ಲಾಟ್‌ಪ್ಯಾಕ್‌ನದಾ, ಇವನ್ನು ಬರೆದು ಕಳಿಸಿ.